ನಡುಮನೆಯ ಈಚಲು

ದೊಡ್ಡಉಳ್ಳಾರ್ತಿ ಮಗ್ಗುಲ ಹಟ್ಟಿ
18-2-1910

ಚಿನ್ನಯ್ಯನಿಗೆ ಅವನ ಭಾವ ಗಾದ್ರಪ್ಪ ಬರೆಯುವುದು.

ಇಲ್ಲಿ ನಾನೂ ದನಕರುಗಳೂ ಚೆನ್ನಾಗಿದ್ದೇವೆ. ಮೊಳಕಾಲ್ಮೂರಿನಲ್ಲಿ ನೀನು, ನಿನ್ನ ಹೆಂಡತಿ ಮಕ್ಕಳು, ನಿನ್ನ ಅಕ್ಕ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡೇ ಕಾಗದ ಹಿಡಿದಿದ್ದೇನೆ. ಕೂಲಿಮಠದ ಅಯ್ಯನವರು ಬೆನ್ನು ಮುರಿಯುವಂತೆ ಬಾರಿಸಿ ಕಲಿಸಿದ ಅಕ್ಷರ, ಬೆರಳು ಇನ್ನೂ ಮರೆತಿಲ್ಲ. ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತು ದಿನವಿಡೀ ಬರೆಯುವವನು ನೀನು, ನೋಡಿ ನಗಬೇಡ.

ಸುದ್ದಿ ಏನೆಂದರೆ, ಮನೆಯ ಬಾಗಿಲು ತೆಗೆದೆ.

ಪ್ಲೇಗಿನ ವರ್ಷ ಇಲಿ ಬಿದ್ದಾಗ ಹಟ್ಟಿಗೆ ಹಟ್ಟಿಯೇ ಎದ್ದು ಹೊಲಕ್ಕೆ ಹೋಯಿತಲ್ಲ, ಒಳಗೆ ಬಿಸಿಲು ಬೀಳಲಿ ಅಂತ ಸರ್ಕಾರದವರು ಮಾಳಿಗೆಗೆ ದೊಡ್ಡ ಕಂಡಿ ಹೊಡೆಸಿ ಹೋದರಲ್ಲ, ಆವತ್ತು ಹಾಕಿದ ಬಾಗಿಲು. ಉಳಿದವರು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಕಂಡಿ ಮುಚ್ಚಿ, ಸುಣ್ಣ ಬಳಿದು ತಂತಮ್ಮ ಮನೆ ಸೇರಿಕೊಂಡರು. ನಾನೊಬ್ಬ ಹೊಲದ ಗುಡಿಸಲಿನಲ್ಲೇ ಉಳಿದೆ. ನಿನ್ನ ಅಕ್ಕ ಸ್ವಲ್ಪ ದಿನ ಇದ್ದು ಬರ್ತೀನಿ ಅಂತ ನಿಮ್ಮಲ್ಲಿಗೆ ಬಂದವಳು. ಮಗು ತೀರಿಹೋದ ಮನೆಗೆ ಬಾ ಅಂತ ನಾನೂ ಕರೆಯಲಿಲ್ಲ, ಬರ್ತೀನಿ ಅಂತ ಅವಳೂ ಹೇಳಿಕಳಿಸಲಿಲ್ಲ. ಹಾಗೆ ನೋಡುನೋಡುತ್ತ ಏಳು ವರ್ಷ ಆಯಿತು.

ಒಳಗೆ ಕತ್ತಲೆ ಇರುತ್ತದೆ ಅಂದುಕೊಂಡು ಬಾಗಿಲು ನೂಕಿದೆ. ಇರಲಿಲ್ಲ. ಹೊರಗಿಗಿಂತ ಒಳಗೇ ಬೆಳಕು ಹೆಚ್ಚಿದೆಯೇನೋ ಅನ್ನಿಸಿತು. ಕಂಡಿಯಿಂದ ಇಳಿದ ಬಿಸಿಲು ನಡುಮನೆಯಲ್ಲಿ ನೆಟ್ಟಗೆ ನಿಂತಿತ್ತು, ಅದರೊಳಗೆ ಧೂಳು ಯಾವ ಅವಸರವೂ ಇಲ್ಲದೆ ಏಳುತ್ತ ಇಳಿಯುತ್ತ ಇತ್ತು. ಜಂತೆಗಳ ಸಂದಿಯಲ್ಲಿ ಗುಬ್ಬಿಗಳು ಸಂಸಾರ ಹೂಡಿವೆ. ಅವು ನನ್ನನ್ನು ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟ ಅನ್ನುವಂತೆ ನೋಡಿದವು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು, ಎಚ್ಚರವಾದಾಗ ಬಿಸಿಲು ಕಂಬ ಬಿಟ್ಟು ಒರಳಿನ ಹತ್ತಿರ ಹೋಗಿತ್ತು.

ಆ ನಡುಮನೆಯಲ್ಲಿ ಒಂದು ಈಚಲ ಗಿಡ ಹುಟ್ಟಿದೆ, ಚಿನ್ನಯ್ಯ. ಹಕ್ಕಿ ತಂದು ಹಾಕಿದ ಬೀಜವಿರಬೇಕು. ನನ್ನ ಎದೆಯುದ್ದ ಬೆಳೆದು, ಗರಿ ಬಿಚ್ಚಿಕೊಂಡು, ಮನೆಯ ಯಜಮಾನನ ಹಾಗೆ ನಿಂತಿದೆ. ಬೇವು ಹುಟ್ಟಿದ್ದರೆ ಕೈಮುಗಿಯುತ್ತಿದ್ದೆ, ಜಾಲಿ ಹುಟ್ಟಿದ್ದರೆ ಕಡಿದು ಒಲೆಗೆ ಹಾಕುತ್ತಿದ್ದೆ. ಹೆಂಡ ಇಳಿಯುವ ಮರ ಅಂತ ಈಚಲನ್ನು ಮುಟ್ಟದ ಕುಲ ನಮ್ಮದು. ಅದರ ಚಾಪೆಯ ಮೇಲೂ ನಮ್ಮಪ್ಪ ಕೂತವನಲ್ಲ. ಹಟ್ಟಿಯಲ್ಲಿ ಇಷ್ಟು ಮನೆ ಇರುವಾಗ ಅದಕ್ಕೆ ನನ್ನ ಮನೆಯೇ ಬೇಕಾಯಿತೇ?

ಗೋಡೆ ಗಟ್ಟಿಯಾಗಿವೆ. ತೊಲೆಗಳಿಗೆ ಏನೂ ಆಗಿಲ್ಲ, ಜಂತೆಗಳನ್ನು ಒಂದಷ್ಟು ಗೆದ್ದಲು ತಿಂದಿದೆ. ಮೃಗಶಿರ ಮಳೆಗೆ ಮುಂಚೆ ಕಂಡಿ ಮುಚ್ಚಿಸಿ, ಮಾಳಿಗೆಗೆ ನೀರು ಇಳಿಯದ ಸೌಳು ಮಣ್ಣು ಹಾಕಿಸಬೇಕು ಅಂತಿದ್ದೇನೆ. ಆದರೆ ನನ್ನೊಬ್ಬನಿಗೆ ಗುಡಿಸಲೇ ಧಾರಾಳ. ನಿನ್ನ ಅಕ್ಕ ಬರುವುದಾದರೆ ಮಾತ್ರ ಈ ಮನೆ. ಇದನ್ನು ಅವಳಿಗೆ ಓದಿ ಹೇಳು. ಹೀಗೇ ಬಾಯಿಮಾತಿನಲ್ಲಿ ಹೇಳಿ ಮುಗಿಸಬೇಡ, ಓದು.

ನಿನ್ನ ಭಾವ,
ಗಾದ್ರಪ್ಪ


ಮೊಳಕಾಲ್ಮೂರು
6-3-1910

ಭಾವನವರಿಗೆ ಚಿನ್ನಯ್ಯನ ನಮಸ್ಕಾರ.

ಕಾಗದ ಬಂತು. ಅಕ್ಷರ ನೋಡಿ ನಗಲಿಲ್ಲ, ಓದಲಿಕ್ಕೆ ಒಂದು ಸಂಜೆ ಹಿಡಿಯಿತು ಅಷ್ಟೆ.

ಅಕ್ಕ ಪಡಸಾಲೆಯಲ್ಲಿ ಮಗ್ಗದವರಿಗೆ ನೂಲು ಸುತ್ತುತ್ತ ಕೂತಿದ್ದಳು. ಎದುರು ಕೂತು ಮೊದಲಿನಿಂದ ಓದಿದೆ. ಬಾಗಿಲು ತೆಗೆದೆ ಅನ್ನುವ ಕಡೆ ರಾಟೆ ನಿಂತಿತು. ಆಮೇಲೆ ಮತ್ತೆ ತಿರುಗಿತು. ಈಚಲ ಗಿಡದ ವಿಷಯ ಬಂದಾಗ ಮತ್ತೆ ನಿಂತಿತು. ನೀವು ಬರಲು ಕೇಳಿದ ಮಾತನ್ನು ಓದಿದಾಗ ಅವಳು ಏನಾದರೂ ಅಂದಾಳು ಅಂತ ಕಾದೆ. ಅವಳು ಕೇಳಿದ್ದು ಒಂದೇ.

"ಯಾವ್ ಕಡೆ ಐತಂತೆ ಗಿಡ?"

"ನಡುಮನೇಲಿ ಅಂತ ಬರದಾರಲ್ಲಕ್ಕ."

"ನಡುಮನೆ ಅಂದ್ರೆ ಏನ್ ಅಂಗೈ ಅಗಲ ಐತಾ? ಎಲ್ಲಿ ಅಂತ ಕೇಳಿ ಬರಿ. ಕಡೀಬ್ಯಾಡ್ರಿ ಅಂತಾನೂ ಬರಿ."

ಯಾಕೆ ಅಂದೆ. ನೂಲು ಹರಿದುಹೋಗಿದೆ, ಗಂಟು ಹಾಕಬೇಕು, ತಲೆ ತಿನ್ನಬೇಡ ಅಂದಳು. ನೂಲು ಹರಿದಿರಲಿಲ್ಲ, ನಾನು ನೋಡುತ್ತಲೇ ಇದ್ದೆ.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಇನ್ನು ನನ್ನ ಮಾತು. ಕುಲದವರ ಕೈಯಲ್ಲಿ ಆಗದಿದ್ದರೆ ಬೇರೆ ಯಾರಿಗಾದರೂ ಹೇಳಿ ಆ ಗಿಡ ತೆಗೆಸಿ ಬಿಡಿ. ಅಂಗಡಿಯಲ್ಲಿ ನಾನು ದಿನಾ ಯಾವ ಚಾಪೆಯ ಮೇಲೆ ಕೂತು ಬರೆಯುತ್ತೇನೆ ಅಂತ ಹಟ್ಟಿಯವರು ಯಾರೂ ಬಂದು ನೋಡಿಲ್ಲ. ನೀವೂ ಕೇಳಬೇಡಿ.

ಅಕ್ಕ ನಮಗೆ ಭಾರ ಅಂತ ಈ ಮಾತು ಹೇಳುತ್ತಿಲ್ಲ. ಅವಳು ಹೋದರೆ ನಮ್ಮ ಮನೆ ಬರಿದಾಗುತ್ತದೆ. ಆದರೆ ನಮ್ಮಲ್ಲಿ ಅವಳು ಇಷ್ಟು ವರ್ಷ ಇದ್ದದ್ದು, ಗಾಡಿ ಬರುವ ತನಕ ನೆರಳಿನಲ್ಲಿ ಕೂತವರು ಇರುತ್ತಾರಲ್ಲ, ಹಾಗೆ.

ಚಿನ್ನಯ್ಯ


ಹಟ್ಟಿ
17-4-1910

ಚಿನ್ನಯ್ಯನಿಗೆ,

ಉಗಾದಿ ಆಯಿತು. ಬೇವುಬೆಲ್ಲ ಗುಡಿಸಲಿನಲ್ಲೇ ತಿಂದೆ.

ಮನೆಯ ಕೆಲಸ ಹಿಡಿದಿದೆ. ಹಳೆಯ ಮಣ್ಣು ಕೆತ್ತಿ, ಹೊಸದಾಗಿ ಮೆತ್ತಿ, ಪಡಸಾಲೆಗೂ ಅಡುಗೆಮನೆಗೂ ಸುಣ್ಣ ಆಯಿತು. ಗೋಡೆ ಕಟ್ಟುವ ಯತ್ತಪ್ಪ ಒಳ್ಳೆಯ ಕೆಲಸದವನು, ಬಾಯಿ ಮಾತ್ರ ಸ್ವಲ್ಪ ಸಡಿಲ. ಸುಣ್ಣ ಒಣಗುವ ವಾಸನೆಗೆ ಏನೇನೋ ನೆನಪಾಗುತ್ತದೆ. ಮಧ್ಯಾಹ್ನ ಕೆಲಸದವರೆಲ್ಲ ಬುತ್ತಿ ಬಿಚ್ಚಲು ಮರದ ಕೆಳಗೆ ಹೋದಾಗ ನಾನು ಒಳಗೇ ಕೂತಿರುತ್ತೇನೆ. ಗಾಳಿಗೆ ಈಚಲ ಗರಿ ಸರಸರ ಅನ್ನುತ್ತದೆ. ಅಡುಗೆಮನೆಯಲ್ಲಿ ಯಾರೋ ಸೀರೆಯುಟ್ಟು ಓಡಾಡಿದ ಹಾಗೆ ಇರುತ್ತದೆ. ಇಲ್ಲ ಅಂತ ಗೊತ್ತಿದ್ದೂ ಎದ್ದು ಹೋಗಿ ನೋಡುತ್ತೇನೆ. ಇದನ್ನು ಓದುವಾಗ ಅವಳಿಗೆ ಕೇಳಿಸದ ಹಾಗೆ ಹಾರಿಸಿಬಿಡು, ಅಥವಾ ಓದು, ನಿನ್ನಿಷ್ಟ.

ಹಿರಿಯರು ಬಂದು ನೋಡಿದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಯರ್ರಪ್ಪ ಬಾಗಿಲ ಹೊರಗೇ ನಿಂತು ಕತ್ತು ಚಾಚಿ ನೋಡಿ, ಎರಡು ಸಲ ಉಗುಳಿದ. "ಬೇರೇರ ಕೈಲಿ ಬುಡಸಮೇತ ಕೀಳಿಸು. ನೆಲ ಅಗೆದು ಗಂಜಲ ಹೊಯ್ಯಿ. ಇಲ್ಲಾಂದ್ರೆ ಹಟ್ಟಿ ಜನ ನಿನ್ ಮನೆ ಹೊಸ್ತಿಲು ತುಳಿಯಲ್ಲ" ಅಂದ. ನ್ಯಾಯವಾದ ಮಾತೇ. ಯತ್ತಪ್ಪ ನಮ್ಮ ಕುಲದವನಲ್ಲ, ಅವನಿಗೆ ಏನು? ಕೊಡಲಿ ತಂದೇ ಬಿಟ್ಟ.

"ನಿಮ್ದೆಲ್ಲ ನಿಮಗಿರ್ಲಿ ಗಾದ್ರಣ್ಣ, ನಂಗೆ ಹೂಂ ಅನ್ರಿ, ಎರಡೇ ಏಟು."

ಅವನು ಕೊಡಲಿ ಎತ್ತಿದ. ನನ್ನ ಬಾಯಿಂದ ಬೇಡ ಅಂತ ಬಂತು. ಯಾಕ್ರಿ ಅಂದ. ಹೆಂಡ್ತಿ ಬ್ಯಾಡ ಅಂದಾಳೆ ಅಂದೆ. ಮನೆಯಲ್ಲೇ ಇಲ್ಲದ ಹೆಂಡತಿಗೆ ಇಷ್ಟು ಹೆದರುವ ಗಂಡನನ್ನು ನೋಡಿರಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾನೆ.

ಗಿಡ ಎಲ್ಲಿದೆ ಅಂತ ಕೇಳಿದಳಲ್ಲ, ಅವಳಿಗೆ ಹೇಳು. ತೊಟ್ಟಿಲು ಕಟ್ಟುತ್ತಿದ್ದ ತೊಲೆಯ ಕೆಳಗೆ. ಆಮೇಲೆ ಕಾಯಿಲೆಯಲ್ಲಿ ಮಗುವನ್ನು ಮಲಗಿಸಿದ್ದೆವಲ್ಲ, ಆ ಜಾಗ.

ಇಷ್ಟು ಬರೆದು ಕಾಗದ ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಡಿಯಬೇಡ ಅನ್ನುವುದು ಸುಲಭ. ಕಡಿಯದಿದ್ದರೆ ಹಟ್ಟಿ ನನ್ನದಲ್ಲ, ಕಡಿದರೆ ಅವಳು ಬರುತ್ತಾಳೋ ಇಲ್ಲವೋ ತಿಳಿಯದು. ಮಳೆಗೆ ಮುಂಚೆ ಯಾವುದೋ ಒಂದು ಆಗಬೇಕು. ಯಾಕೆ ಬೇಡ ಅಂತ ಅವಳೇ ಹೇಳಲಿ, ಚಿನ್ನಯ್ಯ. ನಿನ್ನ ಬಾಯಲ್ಲಿ ಬೇಡ.

ಗಾದ್ರಪ್ಪ


ಮೊಳಕಾಲ್ಮೂರು
14-5-1910

ಮನೆಯವರಿಗೆ ಪಾಲಮ್ಮ ಮಾಡುವ ನಮಸ್ಕಾರ.

ಈ ಅಕ್ಷರ ನನ್ನವು. ಚಿನ್ನಯ್ಯ ಮಗಳಿಗೆ ಹೇಳಿಕೊಡುವಾಗ ಪಕ್ಕದಲ್ಲಿ ನೂಲು ಸುತ್ತುತ್ತ ಸುತ್ತುತ್ತ ನನಗೂ ಬಂತು. ಅವನಿಗೆ ಗೊತ್ತಿರಲಿಲ್ಲ. ಕಾಗದ ಕೊಡು, ನಾನೇ ಬರೀತೀನಿ ಅಂದಾಗ ಬಾಯಿ ಬಿಟ್ಟುಕೊಂಡು ನೋಡಿದ. ಒತ್ತಕ್ಷರ ತಪ್ಪಿದ್ದರೆ ಅವನು ತಿದ್ದುತ್ತೇನೆ ಅಂದ. ಕೊಡಲಿಲ್ಲ.

ಇಲ್ಲಿ ಬೆಳಗಿನ ಜಾವ ಮೂಡಲಲ್ಲಿ ಬಾಲದ ಚುಕ್ಕಿ ಕಾಣುತ್ತದೆ. ಅಲ್ಲೂ ಕಾಣುತ್ತಿರಬೇಕು. ನೀರಿಗೆ ಹೋದ ಹೆಂಗಸರು ಹೆದರಿಕೊಂಡು ಸೆರಗು ಮುಚ್ಚಿಕೊಳ್ಳುತ್ತಾರೆ. ನನಗೆ ಹೆದರಿಕೆ ಆಗಲಿಲ್ಲ. ನೀವೂ ಅದನ್ನು ನೋಡುತ್ತಾ ಹೊಲದಲ್ಲಿ ನಿಂತಿದ್ದೀರಿ ಅನ್ನಿಸಿತು.

ಯಾಕೆ ಬೇಡ ಅಂದೆ ಅಂತ ಕೇಳಿದ್ದೀರಿ. ಹೇಳಲು ಬರುತ್ತದೋ ಇಲ್ಲವೋ ನೋಡುತ್ತೇನೆ.

ನಾನು ಇಲ್ಲಿ ಇದ್ದೇನೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಣ್ಣು ಮುಚ್ಚಿದರೆ ಅಲ್ಲೇ ಇರುತ್ತೇನೆ. ಕನಸಿನಲ್ಲಿ ನಡೆದೇ ಬರುತ್ತೇನೆ. ದಾರಿಯಲ್ಲಿ ಯಾರೂ ಸಿಗುವುದಿಲ್ಲ, ದನ ಮೇಯುವ ಕಾವಲಿನ ಹುಲ್ಲು ಸೊಂಟದ ತನಕ ಬೆಳೆದಿರುತ್ತದೆ, ಹುಲ್ಲಿನೊಳಗೆ ಬಂದರೆ ಮನೆ ಬರುತ್ತದೆ. ಬಾಗಿಲು ತೆಗೆದೇ ಇರುತ್ತದೆ. ಪಡಸಾಲೆ ದಾಟುತ್ತೇನೆ. ನಡುಮನೆಯ ಹೊಸ್ತಿಲಲ್ಲಿ ಕಾಲು ನಿಂತುಬಿಡುತ್ತದೆ. ಒಳಗೆ ಮೇಲಿಂದ ಬಿಸಿಲು ಬಿದ್ದಿರುತ್ತದೆ, ಅದರ ಕೆಳಗೆ ಬರಿ ನೆಲ. ಮಗು ಮಲಗಿದ್ದಷ್ಟೇ ಅಗಲದ ಬರಿ ನೆಲ. ಆ ನೆಲ ನೋಡಿ ಎಚ್ಚರಾಗುತ್ತದೆ. ಇಷ್ಟು ವರ್ಷ ಇದೇ ಕನಸು, ಒಂದು ಸಲವೂ ಹೊಸ್ತಿಲು ದಾಟಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ನೆಲದ ಮೇಲೆ ಮತ್ತೆ ಚಾಪೆ ಹಾಸಿ ಮಲಗುವುದು, ಒಲೆ ಹಚ್ಚುವುದು, ನನ್ನ ಕೈಲಿ ಆಗದು ಅಂತ ಬರಲಿಲ್ಲ.

ಚಿನ್ನಯ್ಯ ಗಿಡದ ಸುದ್ದಿ ಓದಿದ ರಾತ್ರಿಯೂ ಕನಸು ಬಂತು. ಆ ಜಾಗದಲ್ಲಿ ಹಸಿರಿತ್ತು. ಹೊಸ್ತಿಲು ದಾಟಿದೆ. ಒಳಗೆ ಹೋಗಿ ಕೂತೆ. ಏನೂ ಆಗಲಿಲ್ಲ, ಸುಮ್ಮನೆ ಕೂತಿದ್ದೆ.

ಅದೇ ಮಗು ಅಂತ ನಾನು ಹೇಳುವುದಿಲ್ಲ. ಗಿಡ ಗಿಡವೇ, ಅದೂ ಈಚಲು. ನನಗೂ ಕುಲ ಇದೆ. ಆದರೆ ನಾವೆಲ್ಲ ಬಿಟ್ಟು ಬಂದ ಜಾಗದಲ್ಲಿ ಅದೊಂದು ಇತ್ತು. ಅದನ್ನು ಕಿತ್ತರೆ ಅಲ್ಲಿ ಮತ್ತೆ ಬರಿ ನೆಲ ಬರುತ್ತದೆ. ಹಿರಿಯರ ಮಾತು ಮೀರಿ ಅಂತ ಹೇಳಲಾರೆ. ಕೀಳಿಸಿದರೆ ಕೀಳಿಸಿ, ತಪ್ಪು ನಿಮ್ಮದಲ್ಲ. ಆಮೇಲೆ ಮಾತ್ರ ನನ್ನನ್ನು ಕರೆಯಬೇಡಿ.

ಬರೆದು ಬರೆದು ಕೈ ನೋಯುತ್ತಿದೆ. ಊಟ ಸರಿಯಾಗಿ ಮಾಡುತ್ತೀರಾ?

ಪಾಲಮ್ಮ


ಹಟ್ಟಿ
23-6-1910

ಪಾಲಮ್ಮನಿಗೆ,

ನಿನಗೆ ಅಂತ ಕಾಗದ ಬರೆಯುವುದು ಇದೇ ಮೊದಲು. ಹೇಗೆ ಶುರುಮಾಡಬೇಕೋ ಗೊತ್ತಾಗದೆ ಎರಡು ದಿನ ಸುಮ್ಮನಿದ್ದೆ. ಊಟ ಮಾಡುತ್ತಿದ್ದೇನೆ. ಮುದ್ದೆ ಗಂಟಾಗುತ್ತದೆ, ತಿನ್ನುತ್ತೇನೆ.

ನಿನ್ನ ಕಾಗದ ಅಂಗಿಯೊಳಗೆ ಇಟ್ಟುಕೊಂಡೇ ಹಿರಿಯರ ಮುಂದೆ ಹೋದೆ. ತೋರಿಸಲಿಲ್ಲ. ಗಿಡ ಕೀಳಿಸಲ್ಲ ಅಂದೆ ಅಷ್ಟೆ. ಬೈದರು. ಯರ್ರಪ್ಪನಂತೂ ನಮ್ಮಪ್ಪನ ಹೆಸರು ಹಿಡಿದು ಬೈದ. ಕೊನೆಗೆ ಅವನೇ ಒಂದು ದಾರಿ ಹೇಳಿದ. ಬಿಟ್ಟ ಮನೆಗೆ ಮತ್ತೆ ಹೋಗುವಾಗ ಮನುಷ್ಯರಿಗಿಂತ ಮೊದಲು ದೇವರ ಎತ್ತು ಒಳಗೆ ಹೋಗಬೇಕಲ್ಲ. ಬಾಲದ ಚುಕ್ಕಿ ಮರೆಯಾದ ಮೇಲೆ ಎತ್ತು ಹೊಡೆಯೋಣ, ಈಚಲು ನೋಡಿ ಅದು ಹಿಂದಕ್ಕೆ ತಿರುಗಿದರೆ ಗಾದ್ರಪ್ಪ ಬಾಯಿ ಮುಚ್ಚಿಕೊಂಡು ಗಿಡ ಕೀಳಿಸಬೇಕು ಅಂದ. ಎತ್ತು ತಿರುಗುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನನಗೂ ಇರಲಿಲ್ಲ. ಆದರೂ ಒಪ್ಪಿದೆ, ಬೇರೆ ಏನು ದಾರಿ ಇತ್ತು?

ಹೋದ ಸೋಮವಾರ ಬೆಳಿಗ್ಗೆ ಹಟ್ಟಿಯೆಲ್ಲ ಬಾಗಿಲಲ್ಲಿ ಸೇರಿತ್ತು. ಎತ್ತಿನ ಮೈ ತೊಳೆದು, ಕೊಂಬಿಗೆ ಹೂ ಕಟ್ಟಿ, ಯರ್ರಪ್ಪ ಹಗ್ಗ ಬಿಚ್ಚಿ ಕೈಮುಗಿದ. ಅದು ಒಂದು ಗಳಿಗೆ ನಿಂತು ಗಾಳಿ ಮೂಸಿತು. ಆಮೇಲೆ ತಲೆ ತಗ್ಗಿಸಿ ಬಾಗಿಲು ದಾಟಿತು. ನಾವೆಲ್ಲ ಹೊರಗಿಂದ ನೋಡುತ್ತಿದ್ದೆವು. ಆ ಬಿಳಿ ಮೈ ಪಡಸಾಲೆಯ ಮಬ್ಬಿನಲ್ಲಿ ತೇಲಿಕೊಂಡು ಹೋದಂತೆ ಹೋಯಿತು, ನಡುಮನೆಯ ಬಿಸಿಲಿಗೆ ಬಂತು. ಗಿಡದ ಎದುರು ನಿಂತಿತು.

ಎತ್ತು ಕತ್ತು ಓರೆಮಾಡಿ, ಈಚಲ ಬೊಡ್ಡೆಗೆ ಒತ್ತಿ, ಉಜ್ಜಿಕೊಳ್ಳತೊಡಗಿತು ಪಾಲಮ್ಮ! ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು. ಕಣ್ಣು ಅರ್ಧ ಮುಚ್ಚಿತ್ತು. ಅಲ್ಲೇ ಗಂಜಲ ಹೊಯ್ದು, ಸಾವಕಾಶ ತಿರುಗಿಕೊಂಡು, ಬಂದ ದಾರಿಯಲ್ಲೇ ಹೊರಗೆ ಬಂತು.

ಹಿಂದಿನಿಂದ ಯಾರೋ "ಈಗ ಎತ್ತಿಗೆ ಮೈಲಿಗೆ ಕಳೀಬೇಕಲ್ಲಪ್ಪ" ಅಂದರು. ಯರ್ರಪ್ಪ ಕೋಲು ಎತ್ತಿಕೊಂಡು ತಿರುಗಿದ. "ಯಾವನ್ಲೇ ಅವ್ನು? ದೇವ್ರಿಗೇ ಮೈಲಿಗೆ ಅಂಟಿಸ್ತೀಯಾ?" ಅಂತ ಕೂಗಿದ. ಹಾಗೆ ಕೂಗಿದ ಮೇಲೆ ಅವನಿಗೂ ದಾರಿ ಉಳಿಯಲಿಲ್ಲ. ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಎತ್ತು ಒಪ್ಪಿದ ಗಿಡ ಕೀಳೋ ಹಂಗಿಲ್ಲ, ಆದ್ರೆ ಎತ್ತು ಎತ್ತೇ, ನಾವು ನಾವೇ, ಮನುಷ್ಯರು ಮುಟ್ಟೋ ಹಂಗಿಲ್ಲ, ಮುಟ್ಟಿದ್ರೆ ಹಟ್ಟಿಯಿಂದ ಹೊರಗೆ, ಅಂತ ತೀರ್ಪು ಕೊಟ್ಟ. ನನಗೆ ಅಷ್ಟೇ ಸಾಕಾಗಿತ್ತು. ಯತ್ತಪ್ಪ ಮಾತ್ರ ಎತ್ತಿಗೆ ತುರಿಕೆ ಅಂತ ಮೆಲ್ಲಗೆ ಅಂದ, ನಾನು ಅವನ ಕಾಲು ತುಳಿದೆ.

ಹಾಗಾಗಿ ನಡುಮನೆಯ ಕಂಡಿ ಮುಚ್ಚಿಸಿಲ್ಲ. ಉಳಿದ ಮಾಳಿಗೆಗೆಲ್ಲ ಬಂದರಿಕೆ ಗಿಡದ ಸೊಪ್ಪು ಹಾಸಿ, ಸೌಳು ಮಣ್ಣು ಹಾಕಿ, ತುಳಿದು ಗಟ್ಟಿಮಾಡಿದೆವು. ನೀರು ಹರಿದುಹೋಗಲು ನಡುಮನೆಯಿಂದ ಹೊರಕ್ಕೆ ಬಚ್ಚಲು ತೋಡಿಸಿದ್ದೇನೆ. ಮಳೆ ಬಂದರೆ ಮನೆಯ ಮಧ್ಯೆಯೇ ಬೀಳುತ್ತದೆ. ಇರುವುದಕ್ಕೆ ಪಡಸಾಲೆ, ಅಡುಗೆಮನೆ ಎರಡೇ. ಮನೆ ಚಿಕ್ಕದಾಯಿತು. ನಮ್ಮಿಬ್ಬರಿಗೆ ಸಾಕು.

ನನಗೆ ಆ ಕನಸು ಬರುವುದಿಲ್ಲ. ನನಗೆ ಎಚ್ಚರದಲ್ಲೇ ಎಲ್ಲ ಆಗುತ್ತದೆ. ನೀನಿಲ್ಲದೆ ನನಗೆ ಬಹಳ ಕಷ್ಟವಾಗಿದೆ. ಬಾ.

ಗಾದ್ರಪ್ಪ


ಹೊಲದ ಗುಡಿಸಲು
4-7-1910

ಚಿನ್ನಯ್ಯನಿಗೆ ಅಕ್ಕ ಮಾಡುವ ಆಶೀರ್ವಾದ.

ಸುಖವಾಗಿ ಬಂದು ತಲುಪಿದೆ. ಹೊಸ ಮನೆಯ ಸುದ್ದಿ ಬರೆಯುತ್ತೀನಿ ಅಂದಿದ್ದೆ. ಈ ಕಾಗದವನ್ನು ಗುಡಿಸಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೆದರಬೇಡ, ಪೂರ್ತಿ ಓದು.

ಗಾಡಿ ಇಳಿದಾಗ ಸಂಜೆ. ಹಟ್ಟಿಯ ಹೆಂಗಸರು ಬಾಗಿಲ ತನಕ ಬಂದು ಮಾತಾಡಿಸಿ ಹೋದರು. ಇವರು ಹೊಸ ಧೋತರ ಉಟ್ಟುಕೊಂಡು, ಮದುವೆ ಗಂಡಿನ ಹಾಗೆ ಪಡಸಾಲೆಯಲ್ಲಿ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಕಾಗದದಲ್ಲಿ ಅದನ್ನು ಬರೆದೇ ಇರಲಿಲ್ಲ.

ನಾನು ನೇರ ನಡುಮನೆಗೆ ಹೋದೆ. ಹೊಸ್ತಿಲಲ್ಲಿ ಕಾಲು ನಿಲ್ಲಲಿಲ್ಲ. ಗಿಡ ಕನಸಿನಲ್ಲಿ ಕಂಡದ್ದಕ್ಕಿಂತ ಒರಟಾಗಿದೆ, ಮುಳ್ಳು ಜಾಸ್ತಿ. ಅದರ ಬುಡದಲ್ಲಿ ಕೂತೆ. ಏನನ್ನೂ ಯೋಚಿಸಲಿಲ್ಲ ಕಣೋ, ಕೈ ತಾನಾಗಿ ಹೋಗಿ ಗಿಡದ ಮೇಲೆ ಕೂತಿತು. ಮುಳ್ಳು ಅಂಗೈಯೊಳಗೆ ಮುರಿಯಿತು. ಆವಾಗ ಅಳು ಬಂತು. ಮಗು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಇವರು ಬಂದು ಎದುರು ಕೂತರು. ಮುಳ್ಳು ತೆಗೆಯುವ ಚಿಮಟ ಸೊಂಟದ ದಾರದಲ್ಲೇ ತೂಗಾಡುತ್ತಿತ್ತು. ಅದರಲ್ಲಿ ಹಿಡಿದಿದ್ದರೆ ಅವರು ಮುಟ್ಟಿದ ಹಾಗೆ ಆಗುತ್ತಿರಲಿಲ್ಲ. ನನ್ನ ಕೈ ತೊಡೆಯ ಮೇಲಿಟ್ಟುಕೊಂಡು, ಬರಿ ಬೆರಳಲ್ಲಿ ಮುಳ್ಳು ಕಿತ್ತರು. ಕಿತ್ತು ಎಸೆಯದೆ ಹಿಡಿದುಕೊಂಡೇ ಕೂತರು.

"ಈಗ ಏನ್ಮಾಡೋದು?" ಅಂದೆ.

"ಏನ್ಮಾಡೋದು, ಇಬ್ರೂ ಮುಟ್ಟಿದ್ವಿ. ಯರ್ರಪ್ಪಂಗೆ ಹೇಳಿ ಬರ್ತೀನಿ" ಅಂದರು.

ಯಾರೂ ನೋಡಿರಲಿಲ್ಲ. ಹೇಳದೆ ಇರಬಹುದಿತ್ತು. ಇವರಿಗೆ ಹಾಗೆ ಬರುವುದಿಲ್ಲ. ಹೋಗಿ ಹೇಳಿ, ಬೈಗಳು ತಿಂದು ಬಂದರು. ಅಮಾವಾಸ್ಯೆ ಕಳೆದ ಮೇಲೆ ಗಂಜಲ ತಳಿದು ಒಳಗೆ ಬಿಟ್ಟುಕೊಳ್ಳುತ್ತಾರಂತೆ. ಅಮಾವಾಸ್ಯೆ ಕಳೆದರೆ ಆಷಾಢ, ಆಷಾಢದಲ್ಲಿ ಮನೆ ಹೊಗುವ ಹಾಗಿಲ್ಲ. ಹೀಗಾಗಿ ಸುಣ್ಣ ಬಳಿದು ಮಣ್ಣು ಹಾಕಿಸಿದ ಮನೆ ಅಲ್ಲಿದೆ, ನಾವಿಬ್ಬರೂ ಶ್ರಾವಣದ ತನಕ ಇಲ್ಲಿ ಗುಡಿಸಲಿನಲ್ಲಿ. ಯತ್ತಪ್ಪ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ನಮಗೂ ನಗು ಬಂತು. ಈ ಗುಡಿಸಲು ಇವರ ಅಳತೆಗೆ ಕಟ್ಟಿದ್ದು. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು.

ನಿನ್ನೆ ಮಧ್ಯಾಹ್ನ ಆರಿದ್ರೆ ಮಳೆ ಚೆನ್ನಾಗಿ ಬಂತು. ಇಲ್ಲಿಂದ ನೋಡಿದರೆ ಮನೆಯ ಮಾಳಿಗೆ ಕಾಣುತ್ತದೆ. ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆವು. ಹೊಸ ಮಣ್ಣು ನೆನೆದು ಕಪ್ಪಾಯಿತು. ಕಂಡಿಯೊಳಕ್ಕೆ ಮಳೆ ಇಳಿಯುತ್ತಿರಬೇಕು, ಗಿಡದ ಮೇಲೆ ಬೀಳುತ್ತಿರಬೇಕು ಅಂದುಕೊಂಡೆ. ಆಗ ಇವರು, ಮನೆಯ ಕಡೆಯೇ ನೋಡುತ್ತ, "ನಮ್ ಸೂರಮ್ಮ ಇದ್ದಿದ್ರೆ" ಅಂದರು. ಮಗುವಿನ ಹೆಸರು ಇಷ್ಟು ವರ್ಷದಲ್ಲಿ ನಾನೂ ಯಾರ ಎದುರೂ ಎತ್ತಿರಲಿಲ್ಲ, ನನ್ನ ಎದುರು ಯಾರೂ ಎತ್ತಿರಲಿಲ್ಲ.

ಆಮೇಲೆ ಹೇಳಿದರು. ಹಸು ಮಲಗಿ ಮೆಲುಕು ಹಾಕುವಾಗ ಸೂರಮ್ಮ ಹೋಗಿ ಅದರ ಹೊಟ್ಟೆಗೆ ಕಿವಿ ಇಟ್ಟು ಕೂರುತ್ತಿದ್ದಳಂತೆ. ಏನ್ ಕೇಳ್ತೈತೆ ಅಂದರೆ, ಬಾಯಿ ಮೇಲೆ ಬೆರಳಿಟ್ಟು, "ಸುಮ್ಕಿರಪ್ಪ, ಒಳಗೆ ಮಳೆ ಬತ್ತೈತೆ" ಅನ್ನುತ್ತಿದ್ದಳಂತೆ.

ಅವಳನ್ನು ನಾನೊಬ್ಬಳೇ ಕಾಪಾಡಿಕೊಂಡು ಬಂದಿದ್ದೇನೆ ಅಂದುಕೊಂಡಿದ್ದೆ, ಚಿನ್ನಯ್ಯ. ಈ ಮಾತು ನನಗೆ ಮರೆತೇ ಹೋಗಿತ್ತು.

ನಿನ್ನ ಅಕ್ಕ,
ಪಾಲಮ್ಮ